ಪೆಟ್ಟಿಗೆಯ ತಳದ ಸಾಗುವಳಿ ಚೀಟಿ

ಸೋಮವಾರ ನಂಜನಗೂಡಿನಲ್ಲಿ ಬಸ್ಸಿಳಿಯುವವರೆಲ್ಲರೂ ಶ್ರೀಕಂಠೇಶ್ವರನ ದರ್ಶನಕ್ಕೆಂದೇ ಬಂದವರಲ್ಲ. ಕಪಿಲೆಯಲ್ಲಿ ಮಿಂದು, ಹಣ್ಣುಕಾಯಿ ಹಿಡಿದು ಗೋಪುರದತ್ತ ನಡೆಯುವ ಸಂದಣಿಯಿಂದ ಬೇರ್ಪಟ್ಟು, ಕಂಕುಳಲ್ಲಿ ಕಾಗದದ ಕಟ್ಟೊಂದನ್ನು ಅವುಚಿಕೊಂಡು ತಾಲ್ಲೂಕು ಕಚೇರಿಯ ಹಾದಿ ಹಿಡಿಯುವವರು ಯಾವಾಗಲೂ ಕೆಲವರು ಉಂಟು. ಅವರದೂ ಹರಕೆಯೇ, ಕೇಳಿಸಿಕೊಳ್ಳಬೇಕಾದ ದೇವರು ಮಾತ್ರ ಬೇರೆ. ಕಾವೇರಿಯೂ ಕಪಿಲೆಯೂ ಕೂಡುವ ಟಿ. ನರಸೀಪುರದಲ್ಲಿಯೂ ಈ ನೋಟಕ್ಕೆ ಕೊರತೆಯಿಲ್ಲ. ಆ ಕಟ್ಟನ್ನು ಬಿಚ್ಚಿದರೆ ಪಹಣಿ, ಕಂದಾಯದ ರಸೀದಿ, ಯಾವುದೋ ನಕಲಿನ ಮತ್ತೊಂದು ನಕಲು, ಹೀಗೆ ಬಗೆಬಗೆಯ ಕಾಗದಗಳು. ಕೆಲವರ ಕಟ್ಟಿನಲ್ಲಿ, ಎಲ್ಲಕ್ಕಿಂತ ಕೆಳಗೆ, ಮಡಿಕೆಗಳಲ್ಲಿ ಹರಿದು ಹಳದಿಗಟ್ಟಿದ ಒಂದು ಹಾಳೆ ಇರುವುದು. ಅದೇ ಸಾಗುವಳಿ ಚೀಟಿ.

ಭೂಮಿಯಿಲ್ಲದವನು ದರಖಾಸ್ತು ಹಾಕಿಕೊಂಡಾಗ, ಇಂಥ ಊರಿನ ಇಂಥ ಸರ್ವೆ ನಂಬರಿನಲ್ಲಿ ಇಷ್ಟು ಎಕರೆಯನ್ನು ಉತ್ತು ಬೆಳೆದುಕೊಳ್ಳಬಹುದು ಎಂದು ಸರಕಾರವು ಬರೆದುಕೊಡುವ ಪತ್ರ ಅದು. ಮೈಸೂರು ಸಂಸ್ಥಾನದ ಕಾಲದಿಂದಲೂ ಹರಿಜನರೆಂದು ಆಗ ಕರೆಯಲ್ಪಡುತ್ತಿದ್ದ ಜನಕ್ಕೆ ಇಂಥ ಮಂಜೂರಾತಿಗಳು ನಡೆಯುತ್ತ ಬಂದವು. ಹೊಲವು ಬಹುಪಾಲು ಖುಷ್ಕಿ; ಊರಿನ ಅಂಚಿನದು; ಕಲ್ಲು ಆಯ್ದು, ಮುಳ್ಳು ಕಡಿದು ಹಸನು ಮಾಡಿಕೊಳ್ಳಬೇಕಾದುದು. ಆದರೂ ಅದು ಸ್ವಂತದ್ದು. ತಲೆತಲಾಂತರದಿಂದ ಪರರ ಗದ್ದೆಯಲ್ಲಿ ದುಡಿದವನ ಪಾಲಿಗೆ ‘ನನ್ನ ಬದು’ ಎಂದು ಹೇಳಿಕೊಳ್ಳುವ ಭಾಗ್ಯವನ್ನು ಆ ಒಂದು ಹಾಳೆಯು ತಂದಿತು.

ಭೂದಾನ ಈ ಸೀಮೆಗೆ ಹೊಸದಲ್ಲ. ಗಂಗರ ರಾಜಧಾನಿಯಾಗಿದ್ದ ತಲಕಾಡು ಟಿ. ನರಸೀಪುರ ತಾಲ್ಲೂಕಿನಲ್ಲಿಯೇ ಇದೆ. ೧೮೯೪ರಲ್ಲಿ ಬಿ. ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟವನ್ನು ತಿರುವಿ ನೋಡಿದರೆ ಈ ಎರಡು ತಾಲ್ಲೂಕುಗಳ ದಾನಶಾಸನಗಳು ಸಾಲುಸಾಲಾಗಿ ದೊರೆಯುವುವು. ಕೊಟ್ಟ ನೆಲದ ನಾಲ್ದೆಸೆಯ ಎಲ್ಲೆಯನ್ನು ಕಲ್ಲಿನಲ್ಲಿ ಕಂಡರಿಸಿ, ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸುವುದು ಆ ಕಾಲದ ರೂಢಿ. ಕೊನೆಗೊಂದು ಶಾಪಾಶಯ: ಇದನ್ನು ಕಸಿದವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂದು. ಇಪ್ಪತ್ತನೆಯ ಶತಮಾನದ ಬಡವನಿಗೆ ದೊರೆತ ದಾನಪತ್ರಕ್ಕೆ ಕಲ್ಲೂ ಇರಲಿಲ್ಲ, ಶಾಪವೂ ಇರಲಿಲ್ಲ. ಇದ್ದುದು ತಗಡಿನ ಪೆಟ್ಟಿಗೆ, ಅದರ ತಳ, ಮತ್ತು ಆ ಹಾಳೆಯ ಮೇಲಿನ ಒಂದು ಷರತ್ತು.

ಷರತ್ತು ಇಷ್ಟು: ಈ ಭೂಮಿಯನ್ನು ಪರಾಧೀನ ಮಾಡಕೂಡದು. ಮಂಜೂರಾದ ವರ್ಷ ಯಾವುದು, ಆಗ ಇದ್ದ ನಿಯಮ ಯಾವುದು, ನೆಲವನ್ನು ಪುಕ್ಕಟೆಯಾಗಿ ಕೊಟ್ಟರೋ ಅಲ್ಪ ಬೆಲೆ ಕಟ್ಟಿಸಿಕೊಂಡು ಕೊಟ್ಟರೋ ಎಂಬುದನ್ನು ಅನುಸರಿಸಿ ಈ ನಿಷೇಧದ ಅವಧಿ ಬೇರೆಬೇರೆ. ಕೆಲವು ಚೀಟಿಗಳಲ್ಲಿ ೧೦ ವರ್ಷ, ಕೆಲವುಗಳಲ್ಲಿ ೧೫ ಅಥವಾ ೨೦. ಮತ್ತೆ ಕೆಲವುಗಳಲ್ಲಿ ಶಾಶ್ವತ. ಮುಂದೆ ಎಷ್ಟೋ ಕುಟುಂಬಗಳ ಅಳಿವು ಉಳಿವು ಈ ಒಂದು ಸಂಖ್ಯೆಯ ಮೇಲೆ ನಿಲ್ಲುವುದೆಂದು ಅದನ್ನು ಬರೆದ ಗುಮಾಸ್ತನಿಗೂ ತಿಳಿದಿರಲಾರದು, ಹೆಬ್ಬೆಟ್ಟು ಒತ್ತಿ ಪಡೆದವನಿಗೂ ತಿಳಿದಿರಲಾರದು.

ಷರತ್ತು ಕಾಗದದಲ್ಲಿ ಉಳಿಯಿತು; ನೆಲ ಕೈಬಿಟ್ಟಿತು. ಮಗಳ ಮದುವೆ, ಮಳೆ ಕೊಟ್ಟ ವರ್ಷದ ಹಸಿವು, ಸಾಲಿಗನ ಬಾಕಿ, ಕಾಯಿಲೆ ಕಸಾಲೆ, ಕಾರಣಗಳಿಗೆ ಬರವೇ? ಭೋಗ್ಯವೆಂದು ಬರೆದುಕೊಟ್ಟುದು ಕ್ರಯವಾಗಿ ಪರಿಣಮಿಸಿದ್ದುಂಟು. ಬರವಣಿಗೆಯೇ ಇಲ್ಲದೆ, ಮಾತಿನಲ್ಲಿಯೇ ಹೊಲ ಕೈ ಬದಲಾಯಿಸಿದ್ದೂ ಉಂಟು.

೧೯೭೮ರ ಕಾಯಿದೆ

ಕರ್ನಾಟಕದ ವಿಧಾನಮಂಡಲವು ೧೯೭೮ರಲ್ಲಿ ಒಂದು ಅಸಾಮಾನ್ಯವಾದ ಕಾಯಿದೆಯನ್ನು ಮಾಡಿತು. ಅದರ ಹೆಸರು ಉದ್ದವಾದುದು: ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ಕೆಲವು ಭೂಮಿಗಳ ಪರಭಾರೆ ನಿಷೇಧ) ಅಧಿನಿಯಮ. ಜನರ ಬಾಯಲ್ಲಿ ಮಾತ್ರ ಅದು ‘ಪಿ.ಟಿ.ಸಿ.ಎಲ್.’ ೧೯೭೯ರ ಜನವರಿ ೧ರಿಂದ ಜಾರಿಗೆ ಬಂದ ಈ ಕಾಯಿದೆಯ ಪ್ರಕಾರ, ಮಂಜೂರಾತಿಯ ಷರತ್ತನ್ನು ಮುರಿದು ನಡೆದ ಪರಭಾರೆಯು, ಅದು ಕಾಯಿದೆಗಿಂತ ಹಿಂದಿನದಾದರೂ, ಶೂನ್ಯ. ಇನ್ನು ಮುಂದೆ ಸರಕಾರದ ಪೂರ್ವಾನುಮತಿಯಿಲ್ಲದೆ ಇಂಥ ನೆಲವನ್ನು ಮಾರುವುದು, ಅಡವಿಡುವುದು, ದಾನ ಕೊಡುವುದು, ಗೇಣಿಗೆ ಬಿಡುವುದು ಯಾವುದೂ ಸಲ್ಲದು. ಉಪವಿಭಾಗದ ಅಸಿಸ್ಟೆಂಟ್ ಕಮೀಷನರರು ವಿಚಾರಣೆ ನಡೆಸಿ, ಭೂಮಿಯನ್ನು ಬಿಡಿಸಿಕೊಂಡು ಮೂಲ ಮಂಜೂರಾತಿದಾರನಿಗೆ ಅಥವಾ ಅವನ ವಾರಸುದಾರರಿಗೆ ಮರಳಿಸಬೇಕು.

ಇದರಲ್ಲಿ ಇನ್ನೂ ಒಂದು ವಿಶೇಷ ಅಡಗಿದೆ. ಸಾಮಾನ್ಯವಾಗಿ ನ್ಯಾಯ ಕೇಳುವವನೇ ರುಜುವಾತಿನ ಹೊರೆಯನ್ನು ಹೊರಬೇಕು. ಇಲ್ಲಿ ಹಾಗಲ್ಲ. ಮಂಜೂರಾದ ಭೂಮಿಯು ಬೇರೊಬ್ಬನ ಅನುಭವದಲ್ಲಿದ್ದರೆ, ಅದು ಶೂನ್ಯವಾದ ಪರಭಾರೆಯಿಂದಲೇ ಬಂದುದೆಂದು ಕಾಯಿದೆಯು ಭಾವಿಸುತ್ತದೆ; ಅಲ್ಲವೆಂದು ತೋರಿಸುವ ಭಾರ ಅನುಭವದಲ್ಲಿರುವವನದು. ಕ್ರಯ ಕೊಟ್ಟವರು ಇದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. ೧೯೮೪ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿಯಿತು. ಷರತ್ತನ್ನು ಮುರಿದು ಕೊಂಡವನ ಹಕ್ಕು ಮೊದಲಿನಿಂದಲೂ ಕಳಚಿಹೋಗಬಹುದಾದುದೇ ಆಗಿತ್ತೆಂದು ಅದರ ತರ್ಕ. ಕಾಯಿದೆ ಬರುವ ಹೊತ್ತಿಗೆ ದೀರ್ಘಕಾಲದ ಪ್ರತಿಕೂಲ ಸ್ವಾಧೀನದಿಂದ ಹಕ್ಕನ್ನು ಪೂರ್ಣಗೊಳಿಸಿಕೊಂಡವರನ್ನು ಮಾತ್ರ ಅದು ಹೊರಗಿಟ್ಟಿತು.

ಕಾಯಿದೆ ಚೆನ್ನಾಗಿದೆ, ತೀರ್ಪೂ ಚೆನ್ನಾಗಿದೆ. ಇನ್ನು ಹೊಲಕ್ಕೆ ಹೋಗುವುದಷ್ಟೇ ಉಳಿಯಿತು ಎಂದು ದೂರದಲ್ಲಿದ್ದವರು ತಿಳಿಯುವುದು ಸಹಜ.

ಕಚೇರಿಗೆ ಎಷ್ಟು ದೂರ?

ವಾಚಕರು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಲಿ. ಇದು ಯಾವ ಒಬ್ಬರ ಕಥೆಯೂ ಅಲ್ಲ. ಈ ಬಗೆಯ ಮೊಕದ್ದಮೆಗಳ ಸಾಮಾನ್ಯ ಸ್ವರೂಪ. ಹುಲ್ಲಹಳ್ಳಿ ಹೋಬಳಿಯ ಒಬ್ಬ ಕೂಲಿಕಾರನಿಗೆ ೧೯೫೬ರಲ್ಲಿ ಎರಡು ಎಕರೆ ಮಂಜೂರಾಯಿತು. ೨೦ ವರ್ಷ ಮಾರಕೂಡದೆಂದು ಷರತ್ತು. ೧೯೭೧ರಲ್ಲಿ ಅವನು ಅದನ್ನು ಮಾರಿದ. ಮಾರಿದ ಮೇಲೆ ಅದೇ ಹೊಲದಲ್ಲಿ ಕೂಲಿಗೆ ಹೋದ. ಅವನ ಮಗನೂ ಹೋದ. ಈಗ ಮೊಮ್ಮಗಳು ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ದಿನಗೂಲಿ, ಅಕ್ಷರ ಬಲ್ಲವಳು. ಅಜ್ಜಿ ತೀರಿಕೊಂಡ ಮೇಲೆ ಪೆಟ್ಟಿಗೆಯನ್ನು ತೆರೆದಾಗ ಆ ಹಾಳೆ ಅವಳ ಕೈಗೆ ಸಿಕ್ಕಿತು. ೨೦ ವರ್ಷ ತುಂಬುವ ಮೊದಲೇ ಮಾರಾಟವಾಗಿದೆ ಎಂಬುದನ್ನು ಲೆಕ್ಕಹಾಕಲು ಅವಳಿಗೆ ವಕೀಲರು ಬೇಕಾಗಿಲ್ಲ.

ಇಷ್ಟು ಕಾಲ ಸುಮ್ಮನಿದ್ದುದೇಕೆ ಎಂದು ಕೇಳುವುದು ಸುಲಭ. ಅಜ್ಜನಿಗೆ ಓದು ಬಾರದು. ಕಾಯಿದೆಯೊಂದು ಬಂದಿತೆಂದು ಅವನಿಗೆ ಹೇಳಬೇಕಾದವರು ಯಾರು? ಹೇಳಿದ್ದರೂ, ಯಾರ ಮೇಲೆ ಅರ್ಜಿ ಹಾಕಬೇಕೋ ಅವರ ಹೊಲದಲ್ಲಿಯೇ ನಾಳೆಯ ಕೂಲಿ. ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದ ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಓದಿದವರಿಗೆ ಸಾಕವ್ವನನ್ನು ನೆನಪಿಸಬೇಕಾಗಿಲ್ಲ. ಅವಳ ಹುಂಜ ಕಳೆದುಹೋದಾಗ ಹುಡುಕುವವಳು ಅವಳೊಬ್ಬಳೇ. ಸಾಹುಕಾರನ ಕಡಲೆಕಾಯಿ ಕಳವಾದಾಗ ಪೊಲೀಸರೇ ಅವಳ ಗುಡಿಸಲಿಗೆ ಬರುವರು. ಕಾನೂನು ಯಾರ ಮನೆಗೆ ತಾನಾಗಿ ನಡೆದುಬರುವುದು, ಯಾರು ಅದರ ಬಳಿಗೆ ನಡೆದುಹೋಗಬೇಕು ಎಂಬ ಭೇದವನ್ನು ಈ ಸೀಮೆಯ ಜನ ಪುಸ್ತಕವಿಲ್ಲದೆಯೂ ಬಲ್ಲರು.

ಮೊಮ್ಮಗಳ ಪಯಣವನ್ನು ಮುಂದುವರಿಸೋಣ. ನಂಜನಗೂಡು, ಟಿ. ನರಸೀಪುರ ಎರಡೂ ಮೈಸೂರು ಉಪವಿಭಾಗಕ್ಕೆ ಸೇರಿದ ತಾಲ್ಲೂಕುಗಳು, ವಿಚಾರಣೆ ಮೈಸೂರಿನಲ್ಲಿ. ನಂಜನಗೂಡಿನಿಂದ ಮೈಸೂರಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು, ದೊಡ್ಡ ದೂರವಲ್ಲ. ತಲಕಾಡಿನಿಂದಲೋ ಮೂಗೂರಿನಿಂದಲೋ ಹೊರಟವರಿಗೆ ಅದೇ ದಾರಿ ಇಮ್ಮಡಿಯಾಗುವುದು. ಅಷ್ಟಕ್ಕೂ ದೂರವನ್ನು ಅಳೆಯಬೇಕಾದುದು ಕಿಲೋಮೀಟರಿನಲ್ಲಿ ಅಲ್ಲ, ತಪ್ಪಿದ ಕೂಲಿಯಲ್ಲಿ. ಒಂದು ವಾಯಿದೆಗೆ ಒಂದು ದಿನದ ಸಂಬಳ, ಬಸ್ಸಿನ ಖರ್ಚು, ನಕಲು ತೆಗೆಸುವ ಖರ್ಚು. ಅಧಿಕಾರಿಯವರು ಚುನಾವಣೆಯ ಕೆಲಸಕ್ಕೆ ಹೋಗಿದ್ದರೆ ಅದೆಲ್ಲವೂ ಮತ್ತೊಮ್ಮೆ.

ಅಸಿಸ್ಟೆಂಟ್ ಕಮೀಷನರರ ಆದೇಶ ಅವಳ ಪರವಾಗಿ ಬಂದಿತೆನ್ನೋಣ. ಅದರ ಮೇಲೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಉಂಟು. ಅಲ್ಲಿಂದ ಮುಂದೆ ರಿಟ್ ಅರ್ಜಿ, ಉಚ್ಚ ನ್ಯಾಯಾಲಯಕ್ಕೆ. ಧಾರವಾಡ ಮತ್ತು ಕಲಬುರಗಿಗಳಲ್ಲಿ ಪೀಠಗಳು ತೆರೆದುದರಿಂದ ಉತ್ತರದ ಜಿಲ್ಲೆಗಳ ಕಕ್ಷಿಗಾರರಿಗೆ ದೂರ ತಗ್ಗಿತು. ಮೈಸೂರು ಜಿಲ್ಲೆಯವರಿಗೆ ಬೆಂಗಳೂರೇ ಗತಿ. ದೂರದ ಜೊತೆಗೆ ಭಾಷೆಯೂ ಬದಲಾಗುವುದು. ಸಾಗುವಳಿ ಚೀಟಿ ಕನ್ನಡದಲ್ಲಿ, ಅರ್ಜಿ ಕನ್ನಡದಲ್ಲಿ, ಸಾಕ್ಷ್ಯ ಕನ್ನಡದಲ್ಲಿ. ಉಚ್ಚ ನ್ಯಾಯಾಲಯದ ವಾದವೂ ತೀರ್ಪೂ ಇಂಗ್ಲಿಷಿನಲ್ಲಿ. ತನ್ನ ಅಜ್ಜನ ಹೊಲದ ಕುರಿತು ಏನು ತೀರ್ಮಾನವಾಯಿತೆಂಬುದನ್ನು ಅವಳು ಮತ್ತೊಬ್ಬರ ಬಾಯಿಂದ ಕೇಳಿ ತಿಳಿಯಬೇಕು. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ನ್ಯಾಯಾಲಯಗಳ ವಿಷಯದಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ.

ಎದುರು ಪಕ್ಷದವನನ್ನು ರಾಕ್ಷಸನೆಂದು ಚಿತ್ರಿಸುವುದೂ ಸರಿಯಲ್ಲ. ೧೯೭೧ರಲ್ಲಿ ಕೊಂಡವನು ದೊಡ್ಡ ಜಮೀನುದಾರನೇ ಇದ್ದಿರಬಹುದು. ಆದರೆ ಆ ಎರಡು ಎಕರೆ ಅನಂತರ ಎರಡು ಮೂರು ಕೈ ದಾಟಿ, ಇಂದು ಒಬ್ಬ ಸಣ್ಣ ಒಕ್ಕಲಿಗನ ಬಳಿ ಇರಬಹುದು. ಅವನು ಕೊಳವೆ ಬಾವಿ ತೆಗೆಸಿ, ಬ್ಯಾಂಕಿನ ಸಾಲ ಮಾಡಿ, ರಸಬಾಳೆ ನೆಟ್ಟಿರಬಹುದು. ಅವನು ಕೊಳ್ಳುವಾಗ ಪಹಣಿಯಲ್ಲಿ ಮಾರಿದವನ ಹೆಸರಷ್ಟೇ ಇತ್ತು. ಮಂಜೂರಾದ ಭೂಮಿಯ ಪತ್ರಗಳನ್ನು ನೋಂದಾಯಿಸಬಾರದೆಂದು ಕಾಯಿದೆಯು ಸಬ್ ರಿಜಿಸ್ಟ್ರಾರರಿಗೆ ವಿಧಿಸಿದೆ. ಸರ್ವೆ ನಂಬರಿನ ಮುಖ ನೋಡಿ ಇದು ಮಂಜೂರಾದುದು, ಇದು ಅಲ್ಲ ಎಂದು ಗುರುತಿಸುವ ಬಗೆ ಯಾವುದು? ಇವನಿಂದ ಭೂಮಿಯನ್ನು ಹಿಂದಕ್ಕೆ ಪಡೆದರೆ ಅದಕ್ಕೆ ಪರಿಹಾರವಿಲ್ಲ. ನಂಜನಗೂಡಿನ ಸುತ್ತ ಕೈಗಾರಿಕೆಗಳು ಬಂದು ನೆಲದ ಬೆಲೆ ಏರಿದ ಮೇಲೆ ಈ ಜಗಳಗಳಿಗೆ ಇನ್ನಷ್ಟು ಕಾವು ಬಂದಿತು. ಇಬ್ಬರು ಬಡವರು ಒಂದೇ ಹೊಲದ ಎರಡು ಬದುಗಳ ಮೇಲೆ ನಿಂತು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುವ ಸ್ಥಿತಿ ಇದು.

ತಡವಾಯಿತೆಂಬ ಉತ್ತರ

ಕಾಯಿದೆಯಲ್ಲಿ ಅರ್ಜಿ ಹಾಕಲು ಕಾಲಮಿತಿ ಇರಲಿಲ್ಲ. ೨೦೧೭ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಿತಿ ಬರೆದಿರದಿದ್ದರೂ ಅಧಿಕಾರವನ್ನು ಯುಕ್ತವಾದ ಕಾಲದೊಳಗೆ ಚಲಾಯಿಸಬೇಕೆಂದು ಹೇಳಿ, ೨೫ ವರ್ಷಗಳ ವಿಳಂಬವನ್ನು ಮನ್ನಿಸಲು ನಿರಾಕರಿಸಿತು. ಇದರ ಹಿಂದೆಯೇ ರಾಜ್ಯದಾದ್ಯಂತ ಅನೇಕ ಅರ್ಜಿಗಳು ತಡವಾಯಿತೆಂಬ ಒಂದೇ ಕಾರಣದಿಂದ ಬಿದ್ದುಹೋದವು. ದಲಿತ ಸಂಘಟನೆಗಳು ಚಳವಳಿ ಹೂಡಿದವು. ೨೦೨೩ರಲ್ಲಿ ವಿಧಾನಮಂಡಲವು ಕಾಯಿದೆಗೆ ತಿದ್ದುಪಡಿ ತಂದು, ಈ ಹಕ್ಕನ್ನು ಕೇಳಲು ಯಾವ ಕಾಲಮಿತಿಯೂ ಇಲ್ಲ, ಬಾಕಿಯಿರುವ ಪ್ರಕರಣಗಳಿಗೂ ಇದು ಅನ್ವಯಿಸುವುದು ಎಂದು ಬರೆಯಿತು. ಅಲ್ಲಿಗೆ ಮುಗಿಯಿತೇ? ಇಲ್ಲ. ೨೦೨೪ರಲ್ಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವೊಂದು, ಕಾಲಮಿತಿ ಬೇರೆ, ವಿಳಂಬ ಬೇರೆ. ತಿದ್ದುಪಡಿಯು ಮೊದಲನೆಯದನ್ನು ಕುರಿತದ್ದು, ಎರಡನೆಯದನ್ನು ನ್ಯಾಯಾಲಯವು ಇನ್ನೂ ತೂಗಿ ನೋಡಬಹುದು ಎಂದಿತು. ಕಾನೂನು ಬಲ್ಲವರಿಗೆ ಈ ಭೇದ ಸೂಕ್ಷ್ಮವೂ ಸಾಧಾರವೂ ಆಗಿ ಕಾಣಬಹುದು. ಪೆಟ್ಟಿಗೆ ತೆರೆದವಳಿಗೆ ಇದನ್ನು ವಿವರಿಸುವವರು ಯಾರು?

ಇಲ್ಲಿ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕು. ೧೯೭೮ರ ಕಾಯಿದೆಯು ಬಡವನ ಅರ್ಜಿಗಾಗಿ ಕಾದು ಕುಳಿತುಕೊಳ್ಳೆಂದು ಅಧಿಕಾರಿಗೆ ಹೇಳಿರಲಿಲ್ಲ. ಅರ್ಜಿ ಬಂದರೆ ಸರಿ; ಯಾರಾದರೂ ಬರೆದು ತಿಳಿಸಿದರೂ ಸರಿ; ಎರಡೂ ಇಲ್ಲದಿದ್ದರೆ ತಾನಾಗಿಯೇ ವಿಚಾರಣೆಗೆ ತೊಡಗಬಹುದೆಂದು ಅದರ ಐದನೆಯ ಪ್ರಕರಣ ಸ್ಪಷ್ಟವಾಗಿ ಹೇಳಿದೆ. ಮಂಜೂರಾತಿ ಮಾಡಿದುದು ಸರಕಾರ. ಅದರ ರಿಜಿಸ್ಟರು ಇದ್ದುದು ಸರಕಾರದ ದಾಖಲೆ ಕೊಠಡಿಯಲ್ಲಿ. ಅನುಭವದಲ್ಲಿ ಯಾರಿದ್ದಾರೆಂದು ವರ್ಷವರ್ಷವೂ ಪಹಣಿಯಲ್ಲಿ ಬರೆದುಕೊಳ್ಳುತ್ತಿದ್ದುದೂ ಸರಕಾರದ ನೌಕರನೇ. ಈ ಎರಡು ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ಬಿಡಿಸಿಟ್ಟು ಹೋಲಿಸಿದ್ದರೆ, ೧೯೮೦ರ ದಶಕದಲ್ಲಿಯೇ ಯಾವ ಹೊಲ ಯಾರ ಕೈಗೆ ಹೋಗಿದೆಯೆಂಬ ಪಟ್ಟಿ ಹೋಬಳಿವಾರು ಸಿದ್ಧವಾಗುತ್ತಿತ್ತು. ಕೊಂಡವನಿಗೂ ಆಗಲೇ ತಿಳಿಯುತ್ತಿತ್ತು. ರಸಬಾಳೆ ನೆಡುವ ಮೊದಲೇ. ಕರ್ನಾಟಕವು ಎರಡು ಸಾವಿರನೆಯ ಇಸವಿಯ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ೬೭ ಲಕ್ಷ ರೈತರ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ ಹೊರನಾಡುಗಳಲ್ಲಿಯೂ ಹೊಗಳಿಸಿಕೊಂಡಿತು. ಅಷ್ಟು ಮಾಡಬಲ್ಲ ಆಡಳಿತಕ್ಕೆ ಇದು ಮೀರಿದ ಕೆಲಸವಾಗಿರಲಿಲ್ಲ. ತಡ ಮಾಡಿದವಳು ಮೊಮ್ಮಗಳೆಂದು ಹೇಳುವಾಗ, ಅವಳಿಗಿಂತ ಮೊದಲು ತಡ ಮಾಡಿದವರಾರೆಂಬುದನ್ನು ತಕ್ಕಡಿಯಲ್ಲಿ ಇಡಬೇಡವೇ?

ಕಚೇರಿಯೇ ಜನರ ಬಳಿಗೆ ಬಂದ ನಿದರ್ಶನ ಇದೇ ರಾಜ್ಯದಲ್ಲಿ, ಇದಕ್ಕೆ ಸ್ವಲ್ಪ ಮೊದಲು ನಡೆದಿತ್ತು. ಹುಣಸೂರು ಸೀಮೆಯವರಾದ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, ಭೂಸುಧಾರಣಾ ತಿದ್ದುಪಡಿಯು ೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂದಿತು. ಗೇಣಿದಾರರು ಉಳುತ್ತಿದ್ದ ಭೂಮಿಯೆಲ್ಲ ಅಂದಿಗೆ ಸರಕಾರದಲ್ಲಿ ನಿಹಿತವಾಯಿತು. ತೀರ್ಮಾನಕ್ಕೆ ತಾಲ್ಲೂಕಿಗೊಂದು ನ್ಯಾಯಮಂಡಲಿ: ಅಧ್ಯಕ್ಷರು ಅಸಿಸ್ಟೆಂಟ್ ಕಮೀಷನರರು, ಜೊತೆಗೆ ಸರಕಾರ ನೇಮಿಸಿದ ಸ್ಥಳೀಯ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಏಳನೆಯ ನಮೂನೆಯಲ್ಲಿ ಅರ್ಜಿ ತುಂಬಿದರಾಯಿತು. ವಕೀಲರಿಗೆ ಪ್ರವೇಶವೇ ಇಲ್ಲ! ಹಣವಿದ್ದವನು ದೊಡ್ಡ ವಕೀಲರನ್ನು ನಿಲ್ಲಿಸಿ ಗೇಣಿದಾರನ ಬಾಯಿ ಕಟ್ಟಬಾರದೆಂಬುದು ಇದರ ಉದ್ದೇಶ. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಿದ್ದವು. ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ಅವಸರದ ಆದೇಶಗಳು ಉಚ್ಚ ನ್ಯಾಯಾಲಯಕ್ಕೆ ರಾಶಿರಾಶಿಯಾಗಿ ಹೋಗಿ, ಮರುವಿಚಾರಣೆಗೆಂದು ಹಿಂದಿರುಗಿದವು. ವಕೀಲರ ಮೇಲಿನ ನಿಷೇಧವನ್ನು ೧೯೮೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೆಗೆದುಹಾಕಿತು. ಆದರೂ ಊರಿನ ಬಸ್ಸು ನಿಲ್ಲುವಲ್ಲಿಯೇ, ತನ್ನ ನುಡಿಯಲ್ಲಿಯೇ, ‘ಈ ಗದ್ದೆಯನ್ನು ಉತ್ತವನು ನಾನು’ ಎಂದು ಹೇಳಲು ಅವಕಾಶ ಸಿಕ್ಕಿದಾಗ ಜನ ಹಿಂಜರಿಯಲಿಲ್ಲ ಎಂಬುದನ್ನು ಆ ಎಂಟು ಲಕ್ಷ ಅರ್ಜಿಗಳು ತೋರಿಸಿದುವು. ಬಡವರಿಗೆ ಹಕ್ಕಿನ ಪ್ರಜ್ಞೆ ಇಲ್ಲವೆಂಬ ವಾದವನ್ನು ಕೇಳುವಾಗಲೆಲ್ಲ ಈ ಸಂಖ್ಯೆಯನ್ನು ಜ್ಞಾಪಿಸಿಕೊಳ್ಳಬೇಕು.

ಕಳೆದ ನೆಲವನ್ನು ಮರಳಿಸುವ ಕಷ್ಟ ಕನ್ನಡನಾಡಿಗೆ ಮಾತ್ರ ಮೀಸಲಲ್ಲ. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದದ ಆಳಿಕೆ ಮುಗಿದ ೧೯೯೪ರಲ್ಲಿಯೇ, ೧೯೧೩ರ ಜೂನ್ ೧೯ರ ಅನಂತರ ಜನಾಂಗದ ಕಾರಣದಿಂದ ಭೂಮಿ ಕಳೆದುಕೊಂಡವರಿಗೆ ಅದನ್ನು ಹಿಂದಿರುಗಿಸುವ ಕಾಯಿದೆ ಮಾಡಿದರು. ಅಲ್ಲಿ ಗಡುವು ಇತ್ತು: ೧೯೯೮ರ ಡಿಸೆಂಬರ್ ೩೧. ಸುಮಾರು ೮೦,೦೦೦ ಅರ್ಜಿಗಳು ಬಂದವು. ಸುದ್ದಿ ತಲುಪದೆ ಹೊರಗೆ ಉಳಿದವರೂ ಬಹಳ. ೨೦೧೪ರಲ್ಲಿ ಬಾಗಿಲನ್ನು ಮತ್ತೆ ತೆರೆದರು. ಜನರ ಅಭಿಪ್ರಾಯವನ್ನು ಸರಿಯಾಗಿ ಕೇಳಿಲ್ಲವೆಂದು ೨೦೧೬ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವು ಅದನ್ನು ಅನೂರ್ಜಿತಗೊಳಿಸಿತು, ಹಳೆಯ ಅರ್ಜಿಗಳು ಮೊದಲು ತೀರಲೆಂದಿತು. ಗಡುವು ಇಟ್ಟರೂ ಕಷ್ಟ, ಇಡದಿದ್ದರೂ ಕಷ್ಟ. ಬಡವರಿಗೆ ಕಾನೂನಿನ ಬಲ ಒದಗಿಸುವ ಬಗೆಯನ್ನು ಪರಿಶೀಲಿಸಿದ ಅಂತರರಾಷ್ಟ್ರೀಯ ಆಯೋಗವೊಂದು ೨೦೦೮ರಲ್ಲಿ, ಜಗತ್ತಿನ ೪೦೦ ಕೋಟಿ ಜನ ಕಾನೂನಿನ ಆಸರೆಯಿಂದ ಹೊರಗಿದ್ದಾರೆಂದು ವರದಿ ಮಾಡಿತು. ೨೦೧೫ರಲ್ಲಿ ವಿಶ್ವಸಂಸ್ಥೆಯು ಎಲ್ಲರಿಗೂ ಸಮಾನವಾಗಿ ನ್ಯಾಯ ದೊರೆಯಬೇಕೆಂಬುದನ್ನು ತನ್ನ ಗುರಿಗಳಲ್ಲಿ ಸೇರಿಸಿತು. ನ್ಯೂಯಾರ್ಕಿನಲ್ಲಿ ಬರೆದ ಗುರಿ ಹುಲ್ಲಹಳ್ಳಿಗೆ ಬರಲು ತಾಲ್ಲೂಕು ಕಚೇರಿಯನ್ನು ಹಾದೇ ಬರಬೇಕು.

ಮೊಮ್ಮಗಳಿಗೆ ಸದ್ಯಕ್ಕೆ ಒದಗುವ ಸಹಾಯವಾದರೂ ಯಾವುದು? ಒಂದುಂಟು, ಅದನ್ನು ಬಲ್ಲವರು ಕಡಿಮೆ. ೧೯೭೬ರಲ್ಲಿ ಸಂವಿಧಾನಕ್ಕೆ ಸೇರಿದ ೩೯-ಎ ವಿಧಿಯು ಬಡತನದಿಂದ ಯಾರಿಗೂ ನ್ಯಾಯ ತಪ್ಪಬಾರದೆಂದಿತು. ಅದನ್ನು ಅನುಸರಿಸಿ ಬಂದ ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯು ೧೯೯೫ರ ನವೆಂಬರ್ ೯ರಂದು ಜಾರಿಗೆ ಬಂದಿತು. ಅದರಂತೆ ತಾಲ್ಲೂಕು ಮಟ್ಟದಲ್ಲಿ, ಅಲ್ಲಿನ ಹಿರಿಯ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ, ಕಾನೂನು ಸೇವಾ ಸಮಿತಿಗಳು ರಚಿತವಾದವು. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಮಕ್ಕಳು, ಅಂಗವಿಕಲರು, ಕ��ರ್ಖಾನೆಯ ಕೆಲಸಗಾರರು, ಬಂಧನದಲ್ಲಿರುವವರು. ಇವರ ವರಮಾನ ಎಷ್ಟೆಂದು ಕೇಳುವಂತಿಲ್ಲ, ವಕೀಲರನ್ನು ಪುಕ್ಕಟೆಯಾಗಿ ಒದಗಿಸಬೇಕು. ಈ ನೆರವು ನ್ಯಾಯಾಲಯಕ್ಕೆ ಮಾತ್ರವೆಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ, ನ್ಯಾಯ ತೀರ್ಮಾನ ಮಾಡುವ ಯಾವುದೇ ಅಧಿಕಾರಿಯ ಮುಂದೆಯೂ, ಎಂದರೆ ಅಸಿಸ್ಟೆಂಟ್ ಕಮೀಷನರರ ಮುಂದೆಯೂ, ಇದು ಸಲ್ಲುವುದು. ಕೇಳಲು ನ್ಯಾಯಾಲಯದ ಆವರಣಕ್ಕೆ ಹೋಗಬಹುದು, ಅಥವಾ ೧೫೧೦೦ ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು.

ವಕೀಲರು ಸಿಕ್ಕಿದ ಮೇಲೆಯೂ ಮೊದಲ ಹೋರಾಟ ನಡೆಯುವುದು ವಾದದಲ್ಲಲ್ಲ, ದಾಖಲೆ ಕೊಠಡಿಯಲ್ಲಿ. ಚೀಟಿ ಒಂದೇ ಸಾಲದು. ಮೂಲ ಮಂಜೂರಾತಿ ಆದೇಶದ ದೃಢೀಕೃತ ನಕಲು ಬೇಕು, ಷರತ್ತಿನ ಅವಧಿಯನ್ನು ನಿರ್ಣಯಿಸುವುದು ಅದೇ. ಕಡತ ಸಿಗುತ್ತಿಲ್ಲ ಎಂಬ ಉತ್ತರ ಬಂದರೆ ಅದನ್ನೂ ಬರವಣಿಗೆಯಲ್ಲಿಯೇ ಪಡೆಯುವುದು ಲೇಸು. ನಕಲಿಗೆ ಅರ್ಜಿ ಕೊಟ್ಟ ರಸೀದಿಯ ಮೇಲೆ ದಿನಾಂಕ ಸ್ಪಷ್ಟವಾಗಿ ಮೂಡಿದೆಯೇ ಎಂದು ಅಲ್ಲಿಯೇ ನಿಂತು ನೋಡಿಕೊಳ್ಳಬೇಕು. ಏಕೆ ತಡವಾಯಿತೆಂದು ಮುಂದೊಂದು ದಿನ ಯಾರಾದರೂ ಕೇಳಿದಾಗ, ಅವಳು ಬಿಚ್ಚಿ ತೋರಿಸಲು ಆ ಕಟ್ಟಿನಲ್ಲಿ ಅದೂ ಇರಬೇಕು.